ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಮಳೆ ಹಿಡಿದರೆ ಅತ್ತೆಗೆ ಎದೆಉರಿ, ಕೈ ಜೋಮು. 2018ರ ಭೂಕುಸಿತಕ್ಕೂ ಇದಕ್ಕೂ ಸಂಬಂಧ ಇದೆಯಾ?

ತೋಟದಮನೆ ಸೊಸೆ

ಎಲ್ಲರಿಗೂ ನಮಸ್ಕಾರ. ಇದು ನನ್ನ ಅತ್ತೆಯ ವಿಷಯ. ವಯಸ್ಸು ಅರವತ್ತು ದಾಟಿದೆ. ನಮ್ಮದು ಮಡಿಕೇರಿ ತಾಲ್ಲೂಕು, ಮಕ್ಕಂದೂರಿನ ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮನೆ, ಕೊಟ್ಟಿಗೆ, ಅರ್ಧ ತೋಟ ಹೋಯಿತು. ಅತ್ತೆ, ಮಾವ ಉಟ್ಟ ಬಟ್ಟೆಯಲ್ಲೇ ಓಡಿ ಪಾರಾದರು. ದನಗಳು ಉಳಿಯಲಿಲ್ಲ.

ಈಗ ನಾವು ಇರುವುದು ಸಮತಟ್ಟಾದ ಜಾಗ. ಹಿಂದೆ ಮುಂದೆ ಗುಡ್ಡ ಇಲ್ಲ. ಆದರೂ ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಅತ್ತೆಗೆ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತವೆ. ಕಕ್ಕಡ (ಜುಲೈ-ಆಗಸ್ಟ್‌ನ ಜೋರು ಮಳೆ ತಿಂಗಳು) ಬಂತು ಅಂದರೆ ಇನ್ನೂ ಜಾಸ್ತಿ. ರಾತ್ರಿ ಮಲಗುವುದಿಲ್ಲ, ಗೋಡೆಗೆ ಒರಗಿ ಕೂತಿರುತ್ತಾರೆ. ಪಕ್ಕದಲ್ಲಿ ಒಂದು ಚೀಲ. ಅದರಲ್ಲಿ ಆಧಾರ್, ರೇಷನ್ ಕಾರ್ಡ್, ಪಹಣಿ, ಎರಡು ಸೀರೆ. ಬೆಳಿಗ್ಗೆ ಕುತ್ತಿಗೆ ತಿರುಗಿಸಲು ಆಗುವುದಿಲ್ಲ. ನವೆಂಬರ್ ಬಂದರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ಇಸಿಜಿ, ಎಕೋ, ಎಂಡೋಸ್ಕೋಪಿ, ಥೈರಾಯ್ಡ್, ಶುಗರ್, ಬಿ12 ಎಲ್ಲ ಆಯಿತು. ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂದರು. ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ಏನೂ ಇಲ್ಲಮ್ಮ, ಮನೆಯಲ್ಲಿ ಸ್ವಲ್ಪ ಗಮನ ಕೊಡಿ, ಸರಿಹೋಗುತ್ತದೆ" ಅಂದರು. ಅಂದರೆ ಅತ್ತೆ ನಾಟಕ ಮಾಡುತ್ತಿದ್ದಾರೆ ಅಂತಲೇ ಅರ್ಥ, ಅಲ್ವಾ? ಅವರು ಹಾಗೆ ಮಾಡುವವರಲ್ಲ. ಹಳೆಯ ಆಘಾತ ಮೈಯಲ್ಲಿ ಈ ರೀತಿ ಕಾಣಿಸುವುದು ಉಂಟಾ? ತಿಳಿದವರು ಹೇಳಿ.

ಕಾವೇರಿ ದಂಡೆ

ಉಂಟು ಅಕ್ಕಾ. ನಮ್ಮ ಚಿಕ್ಕಮ್ಮನೂ ಆ ವರ್ಷ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದರು. 2022ರ ಜೂನ್‌ನಲ್ಲಿ ಸಂಪಾಜೆ, ಚೆಂಬು ಕಡೆ ಸಣ್ಣ ಸಣ್ಣ ಭೂಕಂಪ ಆಯಿತಲ್ಲ, ಆ ಗುಡುಗುಡು ಸದ್ದಿಗೆ ಅಂಗಳಕ್ಕೆ ಓಡಿದವರು ಮತ್ತೆ ಮನೆ ಒಳಗೆ ಬರಲಿಲ್ಲ. ಆ ರಾತ್ರಿಯಿಂದ ಭೇದಿ. ಊಟದಲ್ಲಿ ಏನೋ ಆಗಿರಬೇಕು ಅಂದುಕೊಂಡೆವು. ಆದರೆ ಅದೇ ಊಟ ಮಾಡಿದ ನಮಗೆ ಯಾರಿಗೂ ಏನೂ ಆಗಿರಲಿಲ್ಲ.

ನೇರಮಾತು

ಬೇಜಾರು ಮಾಡಿಕೊಳ್ಳಬೇಡಿ. ಈಗ ಎಲ್ಲದಕ್ಕೂ "ಟ್ರಾಮಾ" ಅನ್ನುವುದು ಒಂದು ಫ್ಯಾಷನ್ ಆಗಿದೆ. ಅರವತ್ತು ದಾಟಿದವರಿಗೆ ಎದೆಉರಿ, ಜೋಮು, ಕುತ್ತಿಗೆ ನೋವು ಬರುವುದರಲ್ಲಿ ವಿಶೇಷ ಏನಿದೆ? ಮಳೆಗಾಲದಲ್ಲಿ ಕೀಲು ನೋವು ಯಾರಿಗಿಲ್ಲ? 1924ರ ನೆರೆ ಕಂಡ ನಮ್ಮ ಹಿರಿಯರು ಮನೆ ಮಠ ಕಳೆದುಕೊಂಡು ಮತ್ತೆ ಗದ್ದೆಗೆ ಇಳಿದರು. ಅವರಿಗೆ ಯಾವ ಕೌನ್ಸೆಲಿಂಗ್ ಇತ್ತು?

ಕಾವೇರಿ ದಂಡೆ

ಗದ್ದೆಗೆ ಇಳಿದರು, ಹೌದು. ಜೀವನಪೂರ್ತಿ ಕಾರಣ ಗೊತ್ತಿಲ್ಲದ ಹೊಟ್ಟೆನೋವು ಅನುಭವಿಸಿದರು, ತಾಯತ ಕಟ್ಟಿಸಿಕೊಂಡರು, ಸಂಜೆಯಾದರೆ ಕುಡಿದರು. ಅದನ್ನೂ ಸೇರಿಸಿ ಹೇಳಿ.

ತಾಲ್ಲೂಕು ಡಾಕ್ಟರು

ನಾನು ಮಲೆನಾಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿದ್ದೇನೆ. ಮನೋವೈದ್ಯ ಅಲ್ಲ, ಜನರಲ್ ಮೆಡಿಸಿನ್. ಇಂಥ ರೋಗಿಗಳು ಮೊದಲು ಬರುವುದು ನಮ್ಮ ಹತ್ತಿರವೇ. "ಡಾಕ್ಟ್ರೇ, ಭಯ ಆಗುತ್ತದೆ" ಅಂತ ಯಾರೂ ಬರುವುದಿಲ್ಲ. "ಎದೆ ಹಿಡಿದುಕೊಂಡಿದೆ" ಅಂತ ಬರುತ್ತಾರೆ.

ಸೊಸೆ ಅವರೇ, ನೋಡದೆ ರೋಗದ ಹೆಸರು ಹೇಳಲಾರೆ. ಆದರೆ ನೀವು ಬರೆದದ್ದರಲ್ಲಿ ಒಂದು ಗುರುತು ಇದೆ. ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುತ್ತದೆ. ನಿದ್ದೆಗೆ ಮಲಗುವುದಿಲ್ಲ, ಓಡಲು ಚೀಲ ತಯಾರು. ಇವನ್ನೆಲ್ಲ ಒಟ್ಟಿಗೆ ನೋಡಿದರೆ ಆಘಾತದ ನಂತರದ ಒತ್ತಡವನ್ನು ಖಂಡಿತ ಯೋಚಿಸಬೇಕು. ಪಿಟಿಎಸ್‌ಡಿ ಅನ್ನುವುದು ಇದನ್ನೇ.

ದೇಹದಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆದುಳಿನಲ್ಲಿ ಅಮಿಗ್ಡಲ ಅಂತ ಒಂದು ಸಣ್ಣ ಭಾಗ ಇದೆ. ಅಪಾಯ ಕಂಡರೆ ಮೊದಲು ಎಚ್ಚರಿಸುವುದು ಅದು. "ಇದು ಹಳೆಯದು, ಈಗ ಏನೂ ಇಲ್ಲ" ಅಂತ ಸಮಯ ಸಂದರ್ಭ ನೋಡಿ ಹೇಳುವುದು ಹಿಪೊಕ್ಯಾಂಪಸ್ ಮತ್ತು ಹಣೆಯ ಹಿಂದಿನ ಭಾಗ. ದೊಡ್ಡ ಆಘಾತದ ನಂತರ ಕೆಲವರಲ್ಲಿ ಈ ತಾಳಮೇಳ ತಪ್ಪುತ್ತದೆ. ತೋಟಕ್ಕೆ ಆನೆ ನುಗ್ಗದಿರಲಿ ಅಂತ ಹಾಕಿದ ಸೈರನ್ ನಾಯಿ ಹಾದುಹೋದರೂ ಕೂಗಲು ಶುರುಮಾಡಿದರೆ ಹೇಗೋ ಹಾಗೆ. ಮಳೆಯ ಸದ್ದು, ಹಸಿ ಮಣ್ಣಿನ ವಾಸನೆ, ದೂರದ ಗುಡುಗು, ಯಾವುದಾದರೂ ಸಾಕು.

ಒಮ್ಮೆ ಎಚ್ಚರಿಕೆ ಹೋದರೆ ಉಳಿದದ್ದೆಲ್ಲ ದೇಹದ ಕೆಲಸ. ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಜೋರಾಗುತ್ತದೆ. ಓಡಲು ಬೇಕಾದ ರಕ್ತ ಕೈಕಾಲಿನ ಸ್ನಾಯುಗಳಿಗೆ ಹೋಗುತ್ತದೆ, ಹೊಟ್ಟೆಗೆ ಕಡಿಮೆಯಾಗುತ್ತದೆ. ಹೊಟ್ಟೆ ಕರುಳಿನ ಚಲನೆ ಏರುಪೇರು. ಅದಕ್ಕೇ ಉರಿ, ವಾಕರಿಕೆ, ಕೆಲವರಿಗೆ ಭೇದಿ. ಉಸಿರು ಗೊತ್ತಾಗದ ಹಾಗೆ ವೇಗವಾಗುತ್ತದೆ. ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಆಗ ಬೆರಳ ತುದಿ, ತುಟಿಯ ಸುತ್ತ ಜೋಮು ಬರುತ್ತದೆ, ತಲೆ ಹಗುರಾಗುತ್ತದೆ. ನಿಮ್ಮ ಅತ್ತೆಯ ಜೋಮಿಗೆ ಇದು ಒಂದು ಕಾರಣ ಇರಬಹುದು. ಇನ್ನು ರಾತ್ರಿಯೆಲ್ಲ ಭುಜ ಬಿಗಿ ಹಿಡಿದು ಕೂತರೆ ಕುತ್ತಿಗೆ ನೋಯದೆ ಇರುತ್ತದೆಯೇ?

ಇಲ್ಲಿ ನಟನೆ ಎಲ್ಲಿದೆ? ನೋವು ನಿಜ, ಉರಿ ನಿಜ, ಜೋಮು ನಿಜ. ಎಂಡೋಸ್ಕೋಪಿ ಹುಣ್ಣು ಇದೆಯಾ ಅಂತ ನೋಡುತ್ತದೆ. ಹೊಟ್ಟೆಯ ನರಗಳು ಎಷ್ಟು ಚುರುಕಾಗಿವೆ ಅಂತ ಅದಕ್ಕೆ ಕಾಣುವುದಿಲ್ಲ. "ನಾರ್ಮಲ್" ಅಂದರೆ ನಾವು ಹುಡುಕಿದ ಜಾಗದಲ್ಲಿ ಹುಡುಕಿದ ವಸ್ತು ಸಿಗಲಿಲ್ಲ ಅಂತ, ಅಷ್ಟೇ. ನಮ್ಮ ವೃತ್ತಿಯವರೇ ಎಷ್ಟೋ ಜನ ಇದನ್ನು "ಏನೂ ಇಲ್ಲ" ಅಂತ ಅನುವಾದ ಮಾಡಿಬಿಡುತ್ತಾರೆ. ಒಪಿಡಿಯಲ್ಲಿ ಒಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. "ಆಗಸ್ಟ್‌ನಲ್ಲಿ ಏನಾಗಿತ್ತು?" ಅಂತ ಕೇಳುವಷ್ಟರಲ್ಲಿ ಮುಂದಿನ ಚೀಟಿ ಬಂದಿರುತ್ತದೆ. ಇದು ಸಮರ್ಥನೆ ಅಲ್ಲ, ಇರುವ ಸ್ಥಿತಿ.

ತೋಟದಮನೆ ಸೊಸೆ

ಡಾಕ್ಟ್ರೇ, ತುಂಬಾ ಧನ್ಯವಾದ. ಇದನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಅವರ ಪ್ರಶ್ನೆ: ಗುಡ್ಡ ಜಾರಿ ಇಷ್ಟು ವರ್ಷ ಆಯಿತು, ಈಗಲೂ ಹೀಗೆ ಇರುತ್ತದೆಯಾ? ಮಾವನೂ ಅದೇ ರಾತ್ರಿ ಅಲ್ಲೇ ಇದ್ದರು. ಅವರಿಗೆ ಏನೂ ಇಲ್ಲವಲ್ಲ?

ತಾಲ್ಲೂಕು ಡಾಕ್ಟರು

ಎರಡೂ ಸರಿಯಾದ ಪ್ರಶ್ನೆ. ಜೀವನದಲ್ಲಿ ಒಮ್ಮೆಯಾದರೂ ಭಾರಿ ಆಘಾತ ಅನುಭವಿಸುವವರು ಜಗತ್ತಿನಲ್ಲಿ ಸುಮಾರು 70% ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು 5.6% ಜನರಿಗೆ. ಅಂದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮಾವ ಗಟ್ಟಿ, ಅತ್ತೆ ದುರ್ಬಲ ಅಂತ ಅಲ್ಲ. ಹಿಂದಿನ ಆಘಾತಗಳು, ಆಮೇಲೆ ಸಿಕ್ಕ ಆಸರೆ, ಆ ರಾತ್ರಿ ಯಾರು ಏನನ್ನು ಕಣ್ಣಾರೆ ಕಂಡರು, ಹೀಗೆ ಹಲವು ಕಾರಣಗಳಿವೆ. ಆದವರಲ್ಲೂ ಸುಮಾರು 40% ಜನ ಒಂದು ವರ್ಷದೊಳಗೆ ಸುಧಾರಿಸುತ್ತಾರೆ. ಉಳಿದವರಿಗೆ ಚಿಕಿತ್ಸೆ ಸಿಗದಿದ್ದರೆ ವರ್ಷಗಟ್ಟಲೆ ಎಳೆಯಬಹುದು. ಅದೇ ತಿಂಗಳು ಬಂದಾಗ ಜಾಸ್ತಿ ಆಗುವುದು ಬಹಳ ಸಾಮಾನ್ಯ.

ಮಾವ ಹೇಗಿದ್ದಾರೆ ಅಂತಲೂ ಒಮ್ಮೆ ವಿಚಾರಿಸಿ. ಗಂಡಸರು ಬಾಯಿ ಬಿಡುವುದಿಲ್ಲ.

ನಿವೃತ್ತ ಸುಬೇದಾರ್

ನಾನು ವಿರಾಜಪೇಟೆ ಕಡೆಯವನು. ಫೌಜಿನಲ್ಲಿದ್ದೆ. 1987ರ ನಂತರ ಭಾರತೀಯ ಶಾಂತಿ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾಗೆ ಹೋಗಿದ್ದೆ. ಅಲ್ಲಿ ರಸ್ತೆಯಲ್ಲಿ ನೆಲಬಾಂಬ್ ಇಟ್ಟಿರುತ್ತಿದ್ದರು. ಮುಂದಿನ ಗಾಡಿಗೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಊರಿಗೆ ಬಂದ ಮೇಲೆ ನನಗೆ ಯಾವ ಕನಸೂ ಬೀಳುತ್ತಿರಲಿಲ್ಲ. ಹಾಗಾಗಿ ನನಗೆ ಏನೂ ಆಗಿಲ್ಲ ಅಂತಲೇ ಇದ್ದೆ. ಆದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ದಿನ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರಲ್ಲ, ಅದು ಮಾತ್ರ ಆಗುತ್ತಿರಲಿಲ್ಲ. ಎಲ್ಲರೂ "ಪೊಲಿ ಪೊಲಿ ದೇವಾ" ಅನ್ನುತ್ತಿದ್ದರೆ ನನ್ನ ಅಂಗಿ ಬೆವರಲ್ಲಿ ಒದ್ದೆ. ದವಡೆ ಬಿಗಿದುಕೊಂಡು ಬಾಯಿ ತೆರೆಯಲು ಆಗುತ್ತಿರಲಿಲ್ಲ. ಆಮೇಲೆ ಒಂದು ವಾರ ಬೆನ್ನು ನೋವು. ಕೊಡವನಾಗಿ ಕೋವಿ ಸದ್ದಿಗೆ ಹೆದರುತ್ತೇನೆ ಅಂತ ಯಾರ ಹತ್ತಿರ ಹೇಳಲಿ? ಗದ್ದೆಗೆ ಹೋಗದೆ ಅಡುಗೆಮನೆಯಲ್ಲಿ ತಂಬಿಟ್ಟಿಗೆ ಸಹಾಯ ಮಾಡುತ್ತೇನೆ ಅಂತ ನೆಪ ಹೇಳುತ್ತಿದ್ದೆ. ಬೆನ್ನಿಗೆ ಎಂಆರ್‌ಐ ಆಯಿತು, ಎಣ್ಣೆ ಹಚ್ಚಿದ್ದಾಯಿತು, ಬೆಲ್ಟ್ ಆಯಿತು. ನಿವೃತ್ತಿಯಾದ ಎಷ್ಟೋ ಕಾಲದ ಮೇಲೆ ಒಬ್ಬ ಕಿರಿಯ ಡಾಕ್ಟರು "ಸಾಹೇಬರೇ, ಎಲ್ಲಿ ಎಲ್ಲಿ ಪೋಸ್ಟಿಂಗ್ ಆಗಿತ್ತು?" ಅಂತ ಕೇಳಿದರು. ಅಲ್ಲಿಂದ ದಾರಿ ಸಿಕ್ಕಿತು.

ತಂಗೀ, ನಿಮ್ಮ ಅತ್ತೆಯವರಿಗೆ "ಧೈರ್ಯ ತಗೊಳ್ಳಿ" ಅಂತ ಮಾತ್ರ ಹೇಳಬೇಡಿ. ಧೈರ್ಯದ ಕೊರತೆ ಅಲ್ಲ ಇದು.

ಹಳೇ ಪುಟಗಳು

ಸುಬೇದಾರ್ ಸರ್‌ಗೆ ನಮಸ್ಕಾರ. ಸೈನಿಕರ ವಿಷಯ ಬಂತು ಅಂತ ಸ್ವಲ್ಪ ಇತಿಹಾಸ ಹೇಳುತ್ತೇನೆ. ಮಜಾ ಏನೆಂದರೆ, ಈ ಕಾಯಿಲೆಯನ್ನು ಡಾಕ್ಟರುಗಳು ಮೊದಲು ಗುರುತಿಸಿದ್ದು ಮನಸ್ಸಿನ ಕಾಯಿಲೆ ಅಂತ ಅಲ್ಲವೇ ಅಲ್ಲ. 1866ರಲ್ಲಿ ಲಂಡನ್‌ನ ಸರ್ಜನ್ ಜಾನ್ ಎರಿಕ್ ಎರಿಕ್ಸನ್ ರೈಲು ಅಪಘಾತದಲ್ಲಿ ಬದುಕಿದವರ ಬಗ್ಗೆ ಬರೆದರು. ಮೇಲ್ನೋಟಕ್ಕೆ ದೊಡ್ಡ ಗಾಯ ಇಲ್ಲ, ಆದರೆ ಬೆನ್ನು ನೋವು, ನಿದ್ದೆ ಇಲ್ಲ, ನಿಶ್ಶಕ್ತಿ. ಬೆನ್ನುಹುರಿಗೆ ಏಟಾಗಿದೆ ಅಂತ ಅವರ ಲೆಕ್ಕಾಚಾರ. ರೈಲು ಕಂಪನಿಗಳ ಕಡೆಯವರು "ಪರಿಹಾರಕ್ಕೆ ನಾಟಕ" ಅಂದರು. ಕೋರ್ಟಿನಲ್ಲಿ ವರ್ಷಗಟ್ಟಲೆ ಇದೇ ಜಗಳ.

1871ರಲ್ಲಿ ಅಮೆರಿಕದ ಡಾಕ್ಟರ್ ಜೇಕಬ್ ಡಾ ಕೋಸ್ಟಾ ಅಂತರ್ಯುದ್ಧದ ಸೈನಿಕರ ಬಗ್ಗೆ ಬರೆದರು. ಎದೆ ಬಡಿತ, ಎದೆನೋವು, ಉಸಿರುಕಟ್ಟುವುದು. ಹೃದಯ ಪರೀಕ್ಷಿಸಿದರೆ ದೋಷ ಕಾಣುವುದಿಲ್ಲ. ಮುಂದೆ ಇದಕ್ಕೆ "ಸೈನಿಕರ ಹೃದಯ" ಅಂತಲೇ ಹೆಸರು ಬಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಬ್ರಿಟನ್ನಿನ ಡಾಕ್ಟರ್ ಚಾರ್ಲ್ಸ್ ಮೈಯರ್ಸ್ "ಶೆಲ್ ಶಾಕ್" (ಶೆಲ್ ದಾಳಿಯ ಆಘಾತ) ಬಗ್ಗೆ ಬರೆದಾಗಲೂ ದೃಷ್ಟಿ, ವಾಸನೆ, ರುಚಿ ಕಳೆದುಕೊಂಡ ಸೈನಿಕರೇ ಅದರಲ್ಲಿದ್ದರು. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಸೇರಿತು. ಅಲ್ಲಿಂದ ಅದು "ಮನಸ್ಸಿನದು" ಆಯಿತು. ದೇಹ ಹಿಂದೆ ಸರಿಯಿತು. ನನಗೆ ಅನಿಸುವುದು, ಇವತ್ತಿನ ತೊಂದರೆ ಅರ್ಧ ಅಲ್ಲೇ ಇದೆ. ಎದೆ ನೋಡುವವರು ಒಂದು ಕಟ್ಟಡ, ಮನಸ್ಸು ನೋಡುವವರು ಇನ್ನೊಂದು ಕಟ್ಟಡ.

ನೇರಮಾತು

ಇತಿಹಾಸ ಚೆನ್ನಾಗಿದೆ. ಆದರೆ ನನ್ನ ಸಿಟ್ಟಿಗೆ ಒಂದು ಕಾರಣ ಇದೆ, ಹೇಳುತ್ತೇನೆ. ನಮ್ಮ ಸೋದರಮಾವನ ಅಂಗಡಿ ಸುಟ್ಟುಹೋಗಿತ್ತು. ಅದಾದ ಮೇಲೆ ಎದೆನೋವು ಅಂದಾಗಲೆಲ್ಲ "ಟೆನ್ಶನ್ ಮಾಡಿಕೊಳ್ಳಬೇಡಿ" ಅಂತ ಕಳಿಸಿದರು. ಕೊನೆಗೆ ನೋಡಿದರೆ ಎರಡು ಕಡೆ ಬ್ಲಾಕ್. ಸ್ಟೆಂಟ್ ಹಾಕುವಷ್ಟರಲ್ಲಿ ಹೃದಯ ಅರ್ಧ ಸೋತಿತ್ತು. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದು ಅಂದರೆ ಹೀಗೆ.

ತಾಲ್ಲೂಕು ಡಾಕ್ಟರು

ನೇರಮಾತು ಅವರೇ, ಈ ಇಡೀ ಚರ್ಚೆಯಲ್ಲಿ ಎಲ್ಲರೂ ಓದಲೇಬೇಕಾದದ್ದು ನಿಮ್ಮ ಈ ಮಾತು. ನಿಮ್ಮ ಮಾವನಿಗೆ ಆದದ್ದೂ ಸೊಸೆ ಅವರ ಅತ್ತೆಗೆ ಆಗುತ್ತಿರುವುದೂ ಒಂದೇ ತಪ್ಪಿನ ಎರಡು ಮುಖ. ಎರಡು ಕಡೆಯೂ ಡಾಕ್ಟರು ಒಂದು ಉತ್ತರ ಸಿಕ್ಕ ಕೂಡಲೇ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು.

ಇನ್ನೂ ಒಂದು ವಿಷಯ. ಆಘಾತದ ಒತ್ತಡ ಇದ್ದವರಿಗೆ ಹೃದಯದ ಕಾಯಿಲೆಯೂ ಜಾಸ್ತಿ. ವಿಯೆಟ್ನಾಂ ಕಾಲದಲ್ಲಿ ಸೇನೆಯಲ್ಲಿದ್ದ ಅವಳಿ ಸಹೋದರರ ಮೇಲೆ ಒಂದು ಅಧ್ಯಯನ ನಡೆದಿತ್ತು, 2013ರಲ್ಲಿ ಪ್ರಕಟವಾಯಿತು. ಪಿಟಿಎಸ್‌ಡಿ ಇದ್ದವರಲ್ಲಿ 22.6% ಜನರಿಗೆ ಮುಂದೆ ಹೃದಯದ ರಕ್ತನಾಳದ ಕಾಯಿಲೆ ಬಂತು. ಇಲ್ಲದವರಲ್ಲಿ 8.9%. ಸಿಗರೇಟು, ಕುಡಿತ, ಖಿನ್ನತೆ ಎಲ್ಲ ಲೆಕ್ಕ ಹಿಡಿದ ಮೇಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಹಾಗಾಗಿ "ಇದು ಭಯದ್ದು, ಹೃದಯದ್ದಲ್ಲ" ಅಂತ ಗೆರೆ ಎಳೆಯಲು ಬರುವುದಿಲ್ಲ.

ಎಲ್ಲರಿಗೂ ಹೇಳುತ್ತೇನೆ. ನಡೆದಾಗ ಬಂದು ಕೂತಾಗ ಹೋಗುವ ಎದೆನೋವು, ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆ ಬೆವರು, ಒಂದೇ ಕಡೆ ಕೈಕಾಲು ಸೋಲುವುದು, ಕಪ್ಪು ಮಲ, ಕಾರಣ ಇಲ್ಲದೆ ತೂಕ ಇಳಿಯುವುದು. ಇವು ಬಂದರೆ ಹಳೆಯ ಕಥೆ ಪಕ್ಕಕ್ಕಿಡಿ, ನೇರ ಆಸ್ಪತ್ರೆಗೆ ಹೋಗಿ. ಹೆಂಗಸರಿಗೆ ಹೃದಯಾಘಾತ ಆದಾಗ ಎದೆನೋವಿನ ಬದಲು ಬರೀ ಸುಸ್ತು, ವಾಕರಿಕೆ ಇರುವುದೂ ಉಂಟು.

ನೇರಮಾತು

ಇದು ಒಪ್ಪುವ ಮಾತು. ಆದರೂ ಒಂದು ಕೇಳುತ್ತೇನೆ. ಸಂಬಂಧ ಇದೆ ಅಂದರೆ ಇದರಿಂದಲೇ ಅದು ಬಂತು ಅಂತ ಆಗುವುದಿಲ್ಲವಲ್ಲ?

ತಾಲ್ಲೂಕು ಡಾಕ್ಟರು

ಆಗುವುದಿಲ್ಲ. ಇನ್ನೊಂದು ಉದಾಹರಣೆ: ಸ್ವೀಡನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಅಧ್ಯಯನ 2018ರಲ್ಲಿ ಬಂತು. ಒತ್ತಡದ ಕಾಯಿಲೆ ಇದ್ದವರಲ್ಲಿ ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆಗಳು, ಅಂದರೆ ಸಂಧಿವಾತ, ಸೋರಿಯಾಸಿಸ್ ಥರದವು, ವರ್ಷಕ್ಕೆ ಸಾವಿರಕ್ಕೆ ಸುಮಾರು 9 ಜನರಿಗೆ ಬಂದವು. ಉಳಿದವರಲ್ಲಿ ಸುಮಾರು 6. ವ್ಯತ್ಯಾಸ ಇದೆ, ಆದರೆ ಬಹುತೇಕರಿಗೆ ಬರಲಿಲ್ಲ ಅನ್ನುವುದೂ ಅಷ್ಟೇ ನಿಜ. ನಿದ್ದೆಗೆಡುವುದು, ಕುಡಿತ, ತಂಬಾಕು, ವ್ಯಾಯಾಮ ನಿಲ್ಲುವುದು, ಇವೂ ನಡುವೆ ಕೆಲಸ ಮಾಡುತ್ತವೆ. ಎಲ್ಲರೂ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಜಾಸ್ತಿ ಆಗಿ ಹೀಗೆ ಅನ್ನುತ್ತಾರೆ, ಅದೂ ಅಷ್ಟು ಸರಳ ಅಲ್ಲ. ಅಮೆರಿಕದ ಸಂಶೋಧಕಿ ರೇಚಲ್ ಯೆಹೂದಾ ಮತ್ತು ಅವರ ಜೊತೆಯವರು ನಾಜಿ ಹತ್ಯಾಕಾಂಡದಲ್ಲಿ ಬದುಕುಳಿದವರನ್ನು ನೋಡಿದಾಗ, ಪಿಟಿಎಸ್‌ಡಿ ಇದ್ದವರಲ್ಲಿ ಕಾರ್ಟಿಸಾಲ್ ಕಡಿಮೆಯೇ ಇತ್ತು.

ರಾತ್ರಿಪಾಳಿ

ನಾನು ನರ್ಸ್. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನ ಐಸಿಯುನಲ್ಲಿದ್ದೆ. ಆಕ್ಸಿಜನ್ ಇಳಿದಾಗ ಮಾನಿಟರ್ ಕೂಗುತ್ತದಲ್ಲ, ಆ ಬೀಪ್. ಈಗ ಸೂಪರ್ ಮಾರ್ಕೆಟ್ ಬಿಲ್ ಕೌಂಟರ್‌ನಲ್ಲಿ ಅದೇ ಥರ ಬೀಪ್ ಕೇಳಿದರೆ ಹೊಟ್ಟೆ ತಿರುಚುತ್ತದೆ, ಟಾಯ್ಲೆಟ್ ಎಲ್ಲಿದೆ ಅಂತ ಹುಡುಕುತ್ತೇನೆ. ಐಬಿಎಸ್ (ಕರುಳಿನ ಚಲನೆ ಏರುಪೇರಾಗುವ ತೊಂದರೆ) ಅಂದರು. ಹಾಲು ಬಿಟ್ಟೆ, ಮೈದಾ ಬಿಟ್ಟೆ, ಕಡಲೆಬೇಳೆ ಬಿಟ್ಟೆ. ಸಾಮಾನು ಆನ್‌ಲೈನ್‌ನಲ್ಲಿ ತರಿಸಲು ಶುರುಮಾಡಿದ ಮೇಲೆ ಹೊಟ್ಟೆ ಸರಿಯಾಯಿತು! ಪಥ್ಯದಿಂದ ಆಯಿತು ಅಂತ ಎಲ್ಲರಿಗೂ ಹೇಳುತ್ತಿದ್ದೆ. ಥೆರಪಿಸ್ಟ್ ಹತ್ತಿರ ಈ ಮಾತು ಬಂದಾಗ ಅವರು ನಕ್ಕು, "ಬೀಪ್ ನಿಂತಿದೆ, ಅದಕ್ಕೆ" ಅಂದರು. ತಪ್ಪಿಸಿಕೊಳ್ಳುವುದು ಚಿಕಿತ್ಸೆ ಅಲ್ಲ ಅಂತ ಮತ್ತೆ ಅಂಗಡಿಗೆ ಹೋಗುವ ಅಭ್ಯಾಸ ಮಾಡಿಸುತ್ತಿದ್ದಾರೆ. ಈಗಲೂ ಹೊಟ್ಟೆ ಗೊಣಗುತ್ತದೆ, ಆದರೆ ಬಿಲ್ ಕೊಟ್ಟು ಬರುತ್ತೇನೆ.

ಕಡಲೆಬೇಳೆ ಒಬ್ಬಟ್ಟು ತಿನ್ನದೆ ಕಳೆದ ಯುಗಾದಿಯ ಬೇಜಾರು ಇನ್ನೂ ಇದೆ.

ಭೇಲ್ ಕಾಲೋನಿ

ನಾನು ಹಾಸನದವನು, ಕೆಲಸ ಮಾಡಿದ್ದು ಭೋಪಾಲದ ಭೇಲ್ (ಬಿಎಚ್‌ಇಎಲ್) ಕಾರ್ಖಾನೆಯಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್‌ನಿಂದ ವಿಷಾನಿಲ ಸೋರಿತು. ನಮ್ಮ ಕಾಲೋನಿ ದೂರ ಇತ್ತು, ಹಳೇ ಊರಿನ ಬಡ ಬಸ್ತಿಗಳಿಗೆ ಹೊಡೆತ ಬಿತ್ತು. ಬದುಕಿದವರು ವರ್ಷಗಟ್ಟಲೆ ಉಸಿರುಕಟ್ಟುತ್ತದೆ, ಎದೆ ಹಿಡಿಯುತ್ತದೆ, ಕಣ್ಣು ಉರಿಯುತ್ತದೆ ಅಂತ ಆಸ್ಪತ್ರೆ ಸುತ್ತಿದರು. "ಪರಿಹಾರದ ದುಡ್ಡಿಗೆ ಬರುತ್ತಾರೆ" ಅಂತ ಹೇಳುವವರನ್ನು ನಾನೇ ಕೇಳಿದ್ದೇನೆ. ಎರಿಕ್ಸನ್ ಕಾಲದ ರೈಲು ಕಂಪನಿ ಮಾತು ಓದಿ ಅದೇ ನೆನಪಾಯಿತು.

ಅಲ್ಲಿ ವಿಷಯ ಇನ್ನೂ ಗೋಜಲು. ಅನಿಲದಿಂದ ಶ್ವಾಸಕೋಶ ನಿಜವಾಗಿಯೂ ಹಾಳಾಗಿತ್ತು. ಅದರ ಮೇಲೆ ಭಯ, ಮನೆಯವರ ಸಾವು. ಒಬ್ಬನೇ ಮನುಷ್ಯನ ಉಸಿರುಕಟ್ಟುವಿಕೆಯಲ್ಲಿ ಅನಿಲದ ಪಾಲು ಎಷ್ಟು, ಆ ರಾತ್ರಿಯ ಪಾಲು ಎಷ್ಟು ಅಂತ ತೂಗಿ ಹೇಳಲು ಸಾಧ್ಯವೇ? ಆಗ ನಮ್ಮ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಜೊತೆಯವರು ಅಲ್ಲಿಗೆ ಬಂದು, ಸಾಮಾನ್ಯ ವೈದ್ಯರಿಗೇ ಮಾನಸಿಕ ತೊಂದರೆ ಗುರುತಿಸುವ ತರಬೇತಿ ಕೊಟ್ಟರು. ದೇಶದಲ್ಲಿ ದುರಂತದ ನಂತರದ ಮನಸ್ಸಿನ ಆರೈಕೆ ಅಂತ ಗಂಭೀರವಾಗಿ ಶುರುವಾದದ್ದು ಹೆಚ್ಚುಕಡಿಮೆ ಅಲ್ಲಿಂದ. ಒಡಿಶಾ ಚಂಡಮಾರುತ, ಗುಜರಾತ್ ಭೂಕಂಪ, ಸುನಾಮಿ, ಎಲ್ಲ ಕಡೆ ಆಮೇಲೆ ನಿಮ್ಹಾನ್ಸ್ ತಂಡಗಳು ಹೋದವು.

ಘಟ್ಟದ ಮೇಲೆ

ಒಂದು ಸಲಹೆ. ಅತ್ತೆಯವರನ್ನು ಒಂದು ದಿನ ಆ ಹಳೇ ಜಾಗಕ್ಕೇ ಕರೆದುಕೊಂಡು ಹೋಗಿ. ಮಳೆ ಇರುವಾಗಲೇ ಹೋಗಿ. ಕಣ್ಣಾರೆ ನೋಡಿದರೆ ಭಯ ಬಿಟ್ಟುಹೋಗುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ರಾತ್ರಿಪಾಳಿ

ದಯವಿಟ್ಟು ಬೇಡ. ಮಾಡಲೇಬೇಡಿ.

ತಾಲ್ಲೂಕು ಡಾಕ್ಟರು

ಬೇಡ. ಭಯದ ನೆನಪನ್ನು ಎದುರಿಸುವ ಚಿಕಿತ್ಸೆ ಇದೆ, ಸಾಮಾನ್ಯವಾಗಿ 8ರಿಂದ 15 ಭೇಟಿಗಳು ಬೇಕು. ಆದರೆ ಅದು ಅವರ ಒಪ್ಪಿಗೆಯ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ, ತರಬೇತಿ ಆದವರ ಜೊತೆ ನಡೆಯುತ್ತದೆ. ಎಳೆದುಕೊಂಡು ಹೋಗಿ ಕುಸಿದ ಗುಡ್ಡದ ಎದುರು ನಿಲ್ಲಿಸಿದರೆ ಇನ್ನೊಂದು ಆಘಾತ ಆಗಬಹುದು. ಹಾಗೆಯೇ "ಆ ರಾತ್ರಿ ಏನಾಯಿತು ಹೇಳಿ, ಹೇಳಿ" ಅಂತ ಮನೆಯವರು ಒತ್ತಾಯ ಮಾಡುವುದೂ ಬೇಡ. ಅವರಾಗಿ ಹೇಳಿದರೆ ಮಧ್ಯೆ ಬಾಯಿ ಹಾಕದೆ ಕೇಳಿ.

ಫಿಸಿಯೋ ಮೇಜು

ಕುತ್ತಿಗೆ ನೋವಿನ ಬಗ್ಗೆ ಮಾತ್ರ ಹೇಳುತ್ತೇನೆ. ಇಂಥವರು ಬಂದರೆ ನಾವು ಬಿಸಿ ಶಾಖ ಕೊಡುತ್ತೇವೆ, ಎರಡು ದಿನ ಆರಾಮ, ಮತ್ತೆ ಅದೇ. ನಿದ್ದೆ ಕೆಟ್ಟರೆ ನೋವು ಜಾಸ್ತಿ ಗೊತ್ತಾಗುತ್ತದೆ, ನೋವಿದ್ದರೆ ನಿದ್ದೆ ಬರುವುದಿಲ್ಲ. ಹಾಗಾಗಿ ಕುತ್ತಿಗೆಗೆ ಬರೀ ಕುತ್ತಿಗೆಯಲ್ಲಿ ಪರಿಹಾರ ಸಿಗದು. ಮಳೆಗಾಲದಲ್ಲಿ ಹೊರಗೆ ಹೋಗದೆ ಕೂತುಬಿಡುತ್ತಾರೆ, ಅದು ಇನ್ನೂ ಕೆಡಿಸುತ್ತದೆ. ಮನೆಯೊಳಗೇ ಸ್ವಲ್ಪ ಸ್ವಲ್ಪ ನಡೆಯಲಿ. ಇವತ್ತು ಚೆನ್ನಾಗಿದೆ ಅಂತ ಎಲ್ಲ ಕೆಲಸ ಒಂದೇ ದಿನ ಮಾಡಿ ಮಾರನೇ ದಿನ ಮಲಗುವುದು ಬೇಡ.

ಅವರನ್ನು ಮುಟ್ಟಿ ಚಿಕಿತ್ಸೆ ಮಾಡುವವರು ಮೊದಲು ಹೇಳಿ ಮುಟ್ಟಬೇಕು. ಹಿಂದಿನಿಂದ ಬಂದು ಭುಜ ಹಿಡಿದರೆ ಬೆಚ್ಚಿಬೀಳುತ್ತಾರೆ.

ಲೈನ್ ಡ್ರೈವರ್

ನಾನು ಲಾರಿ ಡ್ರೈವರ್. ಘಾಟಿಯಲ್ಲಿ ಆದ ಅಪಘಾತದಲ್ಲಿ ಕ್ಲೀನರ್ ಹುಡುಗ ಹೋದ. ನನಗೆ ಗೀರು ಮಾತ್ರ. ಆಮೇಲೆ ಸ್ಟೇರಿಂಗ್ ಹಿಡಿದರೆ ಬಲಗೈ ನಡುಗುತ್ತಿತ್ತು. ನರದ ಡಾಕ್ಟರು ನೋಡಿ ನರ ಸರಿ ಇದೆ ಅಂದರು. ಅವರೇ ಮನೋವೈದ್ಯರ ಹತ್ತಿರ ಕಳಿಸಿದರು. ನನಗೆ ಇಎಂಡಿಆರ್ ಅಂತ ಮಾಡಿದರು. ಆ ದೃಶ್ಯ ನೆನಪು ಮಾಡಿಕೊಳ್ಳಬೇಕು, ಅದೇ ಹೊತ್ತಿಗೆ ಅವರ ಬೆರಳು ಅತ್ತಿತ್ತ ಹೋಗುವುದನ್ನು ಕಣ್ಣಲ್ಲಿ ಹಿಂಬಾಲಿಸಬೇಕು. ಇದೆಂಥ ಮಂತ್ರವಾದ ಅಂತ ಅನಿಸಿತ್ತು. ಮೊದಲ ವಾರಗಳಲ್ಲಿ ಜಾಸ್ತಿಯೇ ಆಯಿತು, ಬಿಟ್ಟುಬಿಡೋಣ ಅಂತಿದ್ದೆ. ಈಗ ನಡುಕ ಇಲ್ಲ. ತಲೆನೋವು ಆಗಾಗ ಇದೆ, ಅದು ಪೂರ್ತಿ ಹೋಗಲಿಲ್ಲ. ಘಾಟಿ ರೂಟ್ ನಾನೇ ಬಿಟ್ಟಿದ್ದೇನೆ, ಬಯಲುಸೀಮೆ ಕಡೆ ಓಡಿಸುತ್ತೇನೆ.

ಹಳೇ ಪುಟಗಳು

ಮಂತ್ರವಾದ ಅಲ್ಲ ಅಣ್ಣ. ಫ್ರಾನ್ಸೀನ್ ಶಪೀರೋ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1980ರ ದಶಕದ ಕೊನೆಯಲ್ಲಿ ಶುರುಮಾಡಿದ್ದು. ಕಣ್ಣಿನ ಚಲನೆಗೆ ನಿಜವಾಗಿ ಎಷ್ಟು ಪಾತ್ರ ಇದೆ ಅಂತ ಈಗಲೂ ವಾದ ಇದೆ, ಆದರೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇದನ್ನು ಶಿಫಾರಸು ಮಾಡಿದೆ.

ತೋಟದಮನೆ ಸೊಸೆ

ಎಲ್ಲರಿಗೂ ಕೃತಜ್ಞತೆ. ಸ್ವಲ್ಪ ದಿನ ಬರೆಯಲು ಆಗಲಿಲ್ಲ. ನೀವು ಬರೆದ ಜೋಮಿನ ವಿಷಯವನ್ನು ಅತ್ತೆಗೆ ನಿಧಾನ ವಿವರಿಸಿದೆ. ಉಸಿರು ಜಾಸ್ತಿಯಾದರೆ ಬೆರಳು ಜೋಮು ಹಿಡಿಯುತ್ತದೆ ಅಂದೆ. ಅವರು ಸುಮ್ನೆ ಕೇಳಿಸಿಕೊಂಡು "ಹಾಗಾದರೆ ಪಾರ್ಶ್ವವಾಯು ಅಲ್ವಾ?" ಅಂದರು. ಇಷ್ಟು ವರ್ಷ ಅವರಿಗೆ ಅದೇ ಹೆದರಿಕೆ ಇತ್ತಂತೆ! ಯಾರಿಗೂ ಹೇಳಿರಲಿಲ್ಲ.

ಮಾವನನ್ನೂ ಕೇಳಿದೆ. "ನನಗೇನಿಲ್ಲ" ಅಂದರು. ಆದರೆ ಈಗ ಗಮನಿಸುತ್ತಿದ್ದೇನೆ, ಮಳೆ ಜೋರಾದರೆ ಅವರು ಟಿವಿ ಸದ್ದು ಹೆಚ್ಚು ಮಾಡುತ್ತಾರೆ.

ಎರಡು ಪ್ರಶ್ನೆ. ಒಂದು, ಎಲ್ಲಿ ತೋರಿಸುವುದು? ಬೆಂಗಳೂರಿಗೆ ಕರೆದರೆ ಬರುವುದಿಲ್ಲ. ಎರಡು, ಯಾರೋ ಬರೆದುಕೊಟ್ಟ ಆಲ್‌ಪ್ರಜೋಲಾಂ ಮಾತ್ರೆಯನ್ನು ಅವರು ಮಳೆಗಾಲ ಪೂರ್ತಿ ರಾತ್ರಿ ನುಂಗುತ್ತಾರೆ. ಮೆಡಿಕಲ್‌ನಲ್ಲಿ ಹಳೇ ಚೀಟಿ ತೋರಿಸಿದರೆ ಕೊಡುತ್ತಾರೆ. ನಿನ್ನೆ ನನ್ನ ಗಂಡ ಅದನ್ನು ಕಸಕ್ಕೆ ಹಾಕಲು ಹೊರಟಿದ್ದರು.

ಕಾವೇರಿ ದಂಡೆ

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ ಅಕ್ಕಾ. ಮನೋಚೈತನ್ಯ ಕಾರ್ಯಕ್ರಮ ಅಂತ. ಹೋಗುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕ್ಕಮ್ಮ ಮೊದಲು ಅಲ್ಲಿಗೇ ಮಾಡಿದ್ದು. ಆಸ್ಪತ್ರೆ ಅಂದರೆ ಯಾರಾದರೂ ನೋಡುತ್ತಾರೆ ಅಂತ ಸಂಕೋಚ, ಫೋನಾದರೆ ಪರವಾಗಿಲ್ಲ ಅಂದರು.

ತಾಲ್ಲೂಕು ಡಾಕ್ಟರು

ಮಾತ್ರೆಯನ್ನು ಕಸಕ್ಕೆ ಹಾಕಬೇಡಿ! ಆಲ್‌ಪ್ರಜೋಲಾಂ ಆ ಹೊತ್ತಿಗೆ ಸಮಾಧಾನ ಕೊಡುತ್ತದೆ, ಆದರೆ ಪಿಟಿಎಸ್‌ಡಿ ಗುಣ ಮಾಡುವುದಿಲ್ಲ, ಅಭ್ಯಾಸವಾಗುತ್ತದೆ. ವಯಸ್ಸಾದವರಲ್ಲಿ ತೂಕಡಿಸಿ ಬೀಳುವ ಅಪಾಯವೂ ಇದೆ. ಬಿಡಿಸಬೇಕು, ನಿಜ. ಆದರೆ ದಿನವೂ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಪೂರ್ತಿ ಹೋಗುತ್ತದೆ, ನಡುಕ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರು ಹೇಳಿದ ಹಾಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕು. ಮಂಗಳವಾರ ಹೋದಾಗ ಮಾತ್ರೆಯ ಪಟ್ಟಿ ಜೊತೆಗಿರಲಿ. ಸರ್ಟ್ರಲೀನ್ ಥರದ ಬೇರೆ ಔಷಧಿ ಶುರುಮಾಡಬಹುದು, ಅದು ಕೆಲಸ ಮಾಡಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ಹೊಟ್ಟೆಯದೇ ದೂರು ಇರುವವರಿಗೆ ಇದನ್ನು ಮೊದಲೇ ಹೇಳದಿದ್ದರೆ ಎರಡನೇ ದಿನಕ್ಕೇ ಬಿಟ್ಟುಬಿಡುತ್ತಾರೆ.

ಹಳೇ ರಿಪೋರ್ಟ್ ಎಲ್ಲ ತೆಗೆದುಕೊಂಡು ಹೋಗಿ, ಮತ್ತೆ ಮೊದಲಿಂದ ಎಂಡೋಸ್ಕೋಪಿ ಬೇಡ. ಒಂದು ಹಾಳೆಯಲ್ಲಿ ಯಾವ ತಿಂಗಳು ಏನಾಗುತ್ತದೆ ಅಂತ ಬರೆದುಕೊಡಿ. ಮೊದಲ ಸಾಲಿನಲ್ಲೇ 2018 ಅಂತ ಬರೆಯಿರಿ.

ತೋಟದಮನೆ ಸೊಸೆ

ಸರಿ ಡಾಕ್ಟ್ರೇ. ಮಾತ್ರೆ ಕಸದಿಂದ ವಾಪಸ್ ಬಂದಿದೆ. ಮಂಗಳವಾರಕ್ಕೆ ಮಾವನೂ ಬರುತ್ತಾರಂತೆ, "ಡ್ರೈವ್ ಮಾಡಲು ಯಾರಾದರೂ ಬೇಕಲ್ಲ" ಅಂತ.